ಲೆಕ್ಕವನ್ನು ನೋಡುವ ಕಣ್ಣು

ಲೆಕ್ಕವನ್ನು ಬರೆಯುವುದು ಒಂದು ವಿದ್ಯೆ. ಇನ್ನೊಬ್ಬರು ಬರೆದ ಲೆಕ್ಕವನ್ನು ನೋಡುವುದು ಮತ್ತೊಂದು ವಿದ್ಯೆ. ಮೊದಲನೆಯದನ್ನು ಬಲ್ಲವರೆಲ್ಲರಿಗೂ ಎರಡನೆಯದು ಸಿದ್ಧಿಸಿರುವುದೆಂದು ಹೇಳಲಾಗದು. ತನ್ನ ಬೆನ್ನು ತನಗೆ ಕಾಣದೆಂಬಂತೆ ತನ್ನ ಲೆಕ್ಕದ ತಪ್ಪು ತನಗೆ ಕಾಣುವುದಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದಾದುದರಿಂದ, ಒಮ್ಮೆ ಕಂಡರೂ ಅದು ತಪ್ಪೆಂದು ತೋರುವುದಿಲ್ಲ. ಈ ಕಾರಣದಿಂದಲೇ ಸಹಕಾರಿ ಸಂಘದ ಲೆಕ್ಕವನ್ನು ಸಂಘದವರಲ್ಲದವರು ತನಿಖೆ ಮಾಡುತ್ತಾರೆ. ಗ್ರಾಮ ಪಂಚಾಯಿತಿಯ ಲೆಕ್ಕವನ್ನು ಜಮಾಬಂದಿಯ ದಿನ ಹೊರಗಿನಿಂದ ಬಂದ ಅಧಿಕಾರಿ ಊರವರ ಸಮಕ್ಷಮದಲ್ಲಿ ಪರಿಶೀಲಿಸುತ್ತಾರೆ. ಹಣದ ಲೆಕ್ಕಕ್ಕೆ ಒಪ್ಪುವ ಈ ನ್ಯಾಯವನ್ನು ಜಗತ್ತು ಇಂದು ಗಾಳಿಯ ಲೆಕ್ಕಕ್ಕೂ ಅನ್ವಯಿಸಿದೆ.

ಕಲ್ಲಿದ್ದಲು, ಎಣ್ಣೆಗಳನ್ನು ಉರಿಸಿದಾಗ ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತದೆ. ದನಕರುಗಳ ಹೊಟ್ಟೆಯಲ್ಲಿಯೂ ನೀರು ನಿಂತ ಭತ್ತದ ಗದ್ದೆಯಲ್ಲಿಯೂ ಮೀಥೇನ್ ಹುಟ್ಟುತ್ತದೆ. ಹೊಲಕ್ಕೆ ಹಾಕಿದ ಸಾರಜನಕ ಗೊಬ್ಬರದ ಅಲ್ಪಾಂಶವು ನೈಟ್ರಸ್ ಆಕ್ಸೈಡ್ ಆಗಿ ಗಾಳಿಯನ್ನು ಸೇರುತ್ತದೆ. ಇವು ಭೂಮಿಯ ಶಾಖವನ್ನು ಹೊರಹೋಗಗೊಡದೆ ಹಿಡಿದಿಡುವುದರಿಂದ ಇವುಗಳಿಗೆ ಹಸಿರುಮನೆ ಅನಿಲಗಳೆಂದು ಹೆಸರು. ಇವುಗಳ ಪ್ರಮಾಣ ಮಿತಿಮೀರಿದುದರಿಂದ ಲೋಕದ ಹವಾಮಾನವೇ ಕೆಡುತ್ತಿದೆಯೆಂಬುದನ್ನು ಮನಗಂಡ ರಾಷ್ಟ್ರಗಳು 1992ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಒಂದು ಒಪ್ಪಂದಕ್ಕೆ ಬಂದವು. ತಾನು ಎಷ್ಟು ಅನಿಲವನ್ನು ಹೊರಸೂಸುತ್ತಿರುವೆನೆಂಬ ಲೆಕ್ಕವನ್ನು ಪ್ರತಿಯೊಂದು ರಾಷ್ಟ್ರವೂ ಒಪ್ಪಿಸಬೇಕೆಂಬುದು ಅದರ ನಿಯಮಗಳಲ್ಲಿ ಒಂದು. ಭಾರತವು ತನ್ನ ಮೊದಲ ವರದಿಯನ್ನು 2004ರಲ್ಲಿ ಸಲ್ಲಿಸಿತು. ಅದರಲ್ಲಿದ್ದುದು 1994ನೆಯ ವರ್ಷದ ಲೆಕ್ಕ. 2024ರ ಡಿಸೆಂಬರಿನಲ್ಲಿ ಸಲ್ಲಿಸಿದ ವರದಿಯ ಪ್ರಕಾರ 2020ರಲ್ಲಿ ಭಾರತದ ಹೊರಸೂಸುವಿಕೆಯು, ಕಾಡು ಮತ್ತು ಭೂಬಳಕೆಯ ಲೆಕ್ಕವನ್ನು ಬಿಟ್ಟು, ಸುಮಾರು 2,959 ದಶಲಕ್ಷ ಟನ್ ಇಂಗಾಲದ ಡೈ ಆಕ್ಸೈಡಿಗೆ ಸಮಾನವಾಗಿತ್ತು. ಕಾಡುಗಳೂ ಭೂಮಿಯೂ ಹೀರಿಕೊಂಡುದನ್ನು ಕಳೆದರೆ ಅದು ಸುಮಾರು 2,437 ದಶಲಕ್ಷ ಟನ್. ಒಟ್ಟು ಹೊರಸೂಸುವಿಕೆಯಲ್ಲಿ ಇಂಧನದ ಪಾಲು ನೂರಕ್ಕೆ 75ಕ್ಕೂ ಮಿಕ್ಕು. ಕೃಷಿಯ ಪಾಲು ನೂರಕ್ಕೆ ಸುಮಾರು 14.

ಇಷ್ಟು ದೊಡ್ಡ ಸಂಖ್ಯೆಯನ್ನು ತೂಗಿದ ತಕ್ಕಡಿ ಯಾವುದು? ಒಂದೊಂದು ಚಿಮಣಿಗೂ ಒಂದೊಂದು ಕೊಟ್ಟಿಗೆಗೂ ಅಳತೆಯ ಯಂತ್ರವನ್ನು ಕಟ್ಟಲು ಯಾವ ದೇಶದಿಂದಲೂ ಸಾಧ್ಯವಿಲ್ಲ. ಆದುದರಿಂದ ಎಷ್ಟು ಕಲ್ಲಿದ್ದಲು ಉರಿಯಿತು, ಎಷ್ಟು ದನಗಳಿವೆ, ಎಷ್ಟು ಗೊಬ್ಬರ ಖರ್ಚಾಯಿತು ಎಂಬುದನ್ನು ಎಣಿಸಿ, ಆ ಎಣಿಕೆಯನ್ನು ಒಂದು ಗುಣಾಂಕದಿಂದ ಗುಣಿಸುತ್ತಾರೆ. ಈ ವಿಧಾನವನ್ನು ಹವಾಮಾನ ಬದಲಾವಣೆಯ ಅಂತರಸರ್ಕಾರಿ ಮಂಡಳಿಯು 2006ರ ತನ್ನ ಮಾರ್ಗಸೂಚಿಯಲ್ಲಿ ವಿವರಿಸಿ, 2019ರಲ್ಲಿ ಅದನ್ನು ಪರಿಷ್ಕರಿಸಿದೆ. ಎಣಿಕೆ ಸರಿಯಿದ್ದು ಗುಣಾಂಕ ತಪ್ಪಿದರೂ, ಗುಣಾಂಕ ಸರಿಯಿದ್ದು ಎಣಿಕೆ ತಪ್ಪಿದರೂ ಬರುವ ಉತ್ತರ ಸುಳ್ಳು. ಆ ಸುಳ್ಳು ಕೂಡ ದಶಾಂಶದವರೆಗೆ ಅಚ್ಚುಕಟ್ಟಾಗಿಯೇ ಇರುವುದರಿಂದ ಅದನ್ನು ಗುರುತಿಸುವುದು ಕಷ್ಟ.

ಧಾರವಾಡ ಜಿಲ್ಲೆಯ ನವಲಗುಂದದ ಎರೆಭೂಮಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇಲ್ಲಿಯ ಒಕ್ಕಲಿಗನೊಬ್ಬನು ತನ್ನ ಹೊಲಕ್ಕೆ 45 ಕಿಲೋಗ್ರಾಮಿನ ಒಂದು ಚೀಲ ಯೂರಿಯಾ ಹಾಕಿದನೆಂದು ಭಾವಿಸೋಣ. ಯೂರಿಯಾದಲ್ಲಿ ಸಾರಜನಕವಿರುವುದು ನೂರಕ್ಕೆ 46 ಪಾಲು. ಎಂದರೆ ಚೀಲವೊಂದಕ್ಕೆ ಸುಮಾರು 20.7 ಕಿಲೋಗ್ರಾಂ. 2006ರ ಮಾರ್ಗಸೂಚಿಯ ಸಾಮಾನ್ಯ ಗುಣಾಂಕದಂತೆ ಅದರಲ್ಲಿ ನೂರಕ್ಕೆ ಒಂದು ಪಾಲು ನೈಟ್ರಸ್ ಆಕ್ಸೈಡಿನ ರೂಪದಲ್ಲಿ ಹೊಲದಿಂದ ನೇರವಾಗಿ ಗಾಳಿಗೆ ಹೋಗುತ್ತದೆ. ಇಂಗಾಲದ ಡೈ ಆಕ್ಸೈಡಿನ ಲೆಕ್ಕಕ್ಕೆ ತಂದರೆ ಅದು ಸುಮಾರು 86 ಕಿಲೋಗ್ರಾಮಿಗೆ ಸಮ. ಆದರೆ 2019ರ ಪರಿಷ್ಕರಣವು ಒಣ ಹವೆಯ ನೆಲಕ್ಕೆ ಬೇರೆ ಗುಣಾಂಕವನ್ನು ಹೇಳಿತು. ಅದು ನೂರಕ್ಕೆ ಅರ್ಧ ಪಾಲು ಮಾತ್ರ. ಉಷ್ಣವಲಯದಲ್ಲಿ ವರ್ಷಕ್ಕೆ ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳದ ಸೀಮೆ ಒಣ ಸೀಮೆಯೆಂದು ಎಣಿಸಲ್ಪಡುತ್ತದೆ. ನವಲಗುಂದವು ಅಂಥ ಸೀಮೆ. ಹಾಗೆ ಗುಣಿಸಿದರೆ ಅದೇ ಚೀಲದ ಲೆಕ್ಕ 43 ಕಿಲೋಗ್ರಾಮಿಗೆ ಇಳಿಯುತ್ತದೆ. ಹೊಲ ಬದಲಾಗಲಿಲ್ಲ, ಒಕ್ಕಲಿಗ ಬದಲಾಗಲಿಲ್ಲ, ಚೀಲವೂ ಬದಲಾಗಲಿಲ್ಲ. ಆದರೂ ಲೆಕ್ಕ ಅರ್ಧಕ್ಕೆ ಇಳಿಯಿತು. ಒಂದು ಚೀಲದ ಅಂತರವು ಇಡೀ ದೇಶದ ಚೀಲಗಳಿಗೆ ಹರಡಿದಾಗ ಎಷ್ಟಾಗುವುದೆಂಬುದನ್ನು ಯಾರಾದರೂ ಊಹಿಸಬಹುದು.

ಕೊಟ್ಟಿಗೆಯ ಮಾತೂ ಹೀಗೆಯೇ. ಮೇವು, ಮೈತೂಕ, ಹಾಲಿನ ಪ್ರಮಾಣಗಳಿಗೆ ಅನುಸಾರವಾಗಿ ದನದ ಮೀಥೇನ್ ಹೆಚ್ಚು ಕಡಿಮೆಯಾಗುತ್ತದೆ. ಭಾರತ ಉಪಖಂಡದ ಹಾಲು ಕರೆಯುವ ಹಸುವಿಗೆ 2006ರ ಮಾರ್ಗಸೂಚಿಯು ವರ್ಷಕ್ಕೆ 58 ಕಿಲೋಗ್ರಾಂ ಎಂದು ಸೂಚಿಸಿದರೆ, ಉತ್ತರ ಅಮೆರಿಕದ ಭಾರೀ ಹಸುವಿಗೆ ಅದು ನೂರಕ್ಕೂ ಮಿಕ್ಕು. ಕಣಿಕೆ, ಹೊಟ್ಟು ತಿಂದು ಬೆಳೆದು, ಪೇಢೆಗೆ ಹಾಲು ಕೊಡುವ ಧಾರವಾಡಿ ಎಮ್ಮೆಯು ಒಂದು ಪ್ರತ್ಯೇಕ ತಳಿಯೆಂದು 2021ರಲ್ಲಿ ರಾಷ್ಟ್ರೀಯ ನೋಂದಣಿ ಪಡೆಯಿತು. ಅಂಥ ಪ್ರಾಣಿಯನ್ನು ಪರದೇಶದ ಪ್ರಾಣಿಯ ಗುಣಾಂಕದಿಂದ ಗುಣಿಸುವುದು ಒಬ್ಬನ ಅಳತೆಯ ಅಂಗಿಯನ್ನು ಇನ್ನೊಬ್ಬನಿಗೆ ತೊಡಿಸಿದಂತೆ. ಇಷ್ಟು ಸಾಲದೆಂಬಂತೆ ಅನಿಲಗಳನ್ನು ತೂಗುವ ಕಲ್ಲೇ ಕಾಲಕಾಲಕ್ಕೆ ಬದಲಾಗುತ್ತದೆ. ಒಂದು ಕಿಲೋಗ್ರಾಂ ಮೀಥೇನನ್ನು ಮೊದಲು 21 ಕಿಲೋಗ್ರಾಂ ಇಂಗಾಲದ ಡೈ ಆಕ್ಸೈಡಿಗೆ ಸಮವೆಂದು ಎಣಿಸುತ್ತಿದ್ದರು. ಆಮೇಲೆ 25 ಎಂದರು. 2015ರ ಪ್ಯಾರಿಸ್ ಒಪ್ಪಂದದ ನಿಯಮಗಳಲ್ಲಿ ಅದು 28. ವರದಿಯಲ್ಲಿ ಏರಿದುದು ದನಗಳ ಸಂಖ್ಯೆಯೋ ತೂಕದ ಕಲ್ಲೋ ಎಂಬುದನ್ನು ವಿವೇಚಿಸದೆ ಓದುವವನು ಖಂಡಿತವಾಗಿ ಮೋಸಹೋಗುತ್ತಾನೆ.

ಮೋಸಹೋಗದಂತೆ ಓದಬಲ್ಲವನೇ ಪರಿಶೀಲಕ. ಅಂಥವರನ್ನು ಸಿದ್ಧಗೊಳಿಸುವುದಕ್ಕೆಂದೇ ಒಪ್ಪಂದದ ಸಚಿವಾಲಯವು ಜರ್ಮನಿಯ ಬಾನ್ ನಗರದಿಂದ ತರಬೇತಿಯನ್ನು ನಡೆಸುತ್ತದೆ. ಸರ್ಕಾರಗಳು ಹೆಸರಿಸಿದ ತಜ್ಞರು ಇಂಧನ, ಕೈಗಾರಿಕೆ, ಕೃಷಿ, ಭೂಬಳಕೆ, ತ್ಯಾಜ್ಯ ಎಂಬ ವಿಭಾಗಗಳ ಪಾಠಗಳನ್ನು ಅಭ್ಯಾಸಮಾಡಿ ಪರೀಕ್ಷೆಗೆ ಕುಳಿತುಕೊಳ್ಳುತ್ತಾರೆ. ಪದವಿ ಎಷ್ಟೇ ದೊಡ್ಡದಿರಲಿ, ಈ ಪರೀಕ್ಷೆಯಲ್ಲಿ ತೇರ್ಗಡೆಯಾಗದವರಿಗೆ ಪರಿಶೀಲನೆಯ ತಂಡದಲ್ಲಿ ಸ್ಥಾನವಿಲ್ಲ. ತಂಡವನ್ನು ನಡೆಸುವವರು ಇಬ್ಬರು: ಒಬ್ಬರು ಮುಂದುವರಿದ ದೇಶದವರು, ಇನ್ನೊಬ್ಬರು ಮುಂದುವರಿಯುತ್ತಿರುವ ದೇಶದವರು. ತನ್ನ ದೇಶದ ಲೆಕ್ಕವನ್ನು ಯಾರೂ ನೋಡುವಂತಿಲ್ಲ. ಲೆಕ್ಕವು ಸ್ಪಷ್ಟವೇ, ನಿಖರವೇ, ಪೂರ್ಣವೇ, ವರ್ಷದಿಂದ ವರ್ಷಕ್ಕೆ ಸುಸಂಗತವೇ, ಇತರರ ಲೆಕ್ಕದೊಡನೆ ಹೋಲಿಸತಕ್ಕುದೇ ಎಂಬ ಐದು ಪ್ರಶ್ನೆಗಳೇ ಅವರ ಒರೆಗಲ್ಲು. ಅವರು ಕೇಳುತ್ತಾರೆ, ಉತ್ತರವನ್ನು ಆಲಿಸುತ್ತಾರೆ, ತಿದ್ದುಪಡಿಯನ್ನು ಸೂಚಿಸುತ್ತಾರೆ. ದಂಡ ವಿಧಿಸುವ ಅಧಿಕಾರವಾಗಲಿ, ದೇಶವೊಂದರ ರಾಜನೀತಿಯನ್ನು ವಿಮರ್ಶಿಸುವ ಅಧಿಕಾರವಾಗಲಿ ಅವರಿಗಿಲ್ಲ.

ಇದನ್ನು ಒಪ್ಪದವರೂ ಇದ್ದಾರೆ. ಶತಮಾನಗಳಿಂದ ಹೊಗೆಯುಗುಳಿ ಸಿರಿವಂತವಾದ ದೇಶಗಳು ಈಗ ಬಡವರ ಒಲೆಯ ಹೊಗೆಯನ್ನು ಎಣಿಸಬಂದಿವೆಯೆಂದು ಅವರು ಸಿಟ್ಟಾಗುತ್ತಾರೆ. ಆ ಸಿಟ್ಟಿನಲ್ಲಿ ನ್ಯಾಯವಿಲ್ಲವೆನ್ನಲಾಗದು. ತಲೆಯೊಂದಕ್ಕೆ ಲೆಕ್ಕ ಹಾಕಿದರೆ ಭಾರತೀಯನು ಹೊರಸೂಸುವುದು ಅಮೆರಿಕದವನಿಗಿಂತ ಎಷ್ಟೋ ಪಟ್ಟು ಕಡಿಮೆ. ಆದರೆ ಈ ಮಾತನ್ನು ಸಭೆಯಲ್ಲಿ ಎತ್ತಿ ಹೇಳುವುದಕ್ಕೂ ನಂಬತಕ್ಕ ಲೆಕ್ಕವೇ ಬೇಕಲ್ಲವೇ? ಮೇಲಾಗಿ ಪರಿಶೀಲನೆಯೆಂಬುದು ಏಕಮುಖವಾದ ದಾರಿಯಲ್ಲ. ಭಾರತದ ಲೆಕ್ಕವನ್ನು ಅನ್ಯರು ನೋಡುವಂತೆ ಅನ್ಯರ ಲೆಕ್ಕವನ್ನು ಭಾರತದವರೂ ನೋಡಬಹುದು. ಆದರೆ ಅದಕ್ಕೆ ತರಬೇತಿ ಹೊಂದಿದವರು ಬೇಕು. ಅಂಥವರಿಲ್ಲದ ದೇಶವು ತನ್ನ ಖಾತೆಯನ್ನು ಮಾತ್ರ ತೆರೆದು ತೋರಿಸಿ, ಶ್ರೀಮಂತರ ಖಾತೆಯನ್ನು ಮುಚ್ಚಿದ ಕಣ್ಣಿನಿಂದ ಒಪ್ಪಿಕೊಳ್ಳಬೇಕಾಗುತ್ತದೆ. ಸ್ವಾಭಿಮಾನವಿರುವುದು ಪರೀಕ್ಷೆಯನ್ನು ನಿರಾಕರಿಸುವುದರಲ್ಲಿ ಅಲ್ಲ. ಪರೀಕ್ಷಕರ ಸಾಲಿನಲ್ಲಿ ಕುಳಿತುಕೊಳ್ಳುವ ಯೋಗ್ಯತೆಯನ್ನು ಸಂಪಾದಿಸುವುದರಲ್ಲಿ.

ಗಾಳಿಯ ಲೆಕ್ಕ ತುಸು ತಪ್ಪಿದರೆ ಒಕ್ಕಲಿಗನಿಗೆ ಏನು ನಷ್ಟವೆಂದು ಮತ್ತೆ ಕೆಲವರು ಕೇಳುತ್ತಾರೆ. ಕಾಗದವು ಹೊಲದಿಂದ ದೂರವಾದರೆ ಏನಾಗುವುದೆಂಬುದನ್ನು ನವಲಗುಂದವು ಬಲ್ಲದು. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದ ಮೇಲೆ ಕಾಲುವೆಯ ಪ್ರದೇಶದ ಜಮೀನುಗಳಿಗೆ ಅಭಿವೃದ್ಧಿ ಕರವನ್ನು ವಿಧಿಸಲಾಯಿತು. ನೀರು ಬಾರದ ಹೊಲಕ್ಕೂ, ನೀರು ನಿಂತು ಕೆಟ್ಟ ಹೊಲಕ್ಕೂ ಕರ ಕೇಳುತ್ತಿರುವರೆಂಬುದು ರೈತರ ದೂರುಗಳಲ್ಲಿ ಮುಖ್ಯವಾದುದು. ಆ ದೂರಿಗೆ ಸಕಾಲದಲ್ಲಿ ಸಮಾಧಾನ ದೊರೆಯಲಿಲ್ಲ. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಚಳವಳಿ ಉಗ್ರರೂಪ ತಾಳಿ, ಗೋಲಿಬಾರಿನಲ್ಲಿ ರೈತರು ಪ್ರಾಣ ತೆತ್ತರು. ಇಂದಿಗೂ ಆ ದಿನವನ್ನು ರೈತ ಹುತಾತ್ಮರ ದಿನವೆಂದು ಆಚರಿಸುತ್ತಾರೆ. ಆ ದುರಂತಕ್ಕೆ ಕಾರಣಗಳು ಹಲವು. ಆದರೆ ದಫ್ತರಿನಲ್ಲಿ ನೀರಾವರಿಯೆಂದು ಬರೆದ ಹೊಲದಲ್ಲಿ ನಿಜವಾಗಿ ನೀರಿದೆಯೇ ಎಂದು ನೋಡಿ, ನಿರ್ಭೀತಿಯಿಂದ ವರದಿ ಮಾಡುವ ಕಣ್ಣು ಎಷ್ಟು ಅಮೂಲ್ಯವೆಂಬುದನ್ನು ಅದು ಸಾರಿ ಹೇಳುತ್ತದೆ. ಅನಿಲದ ಲೆಕ್ಕವೂ ಒಂದು ದಿನ ದಫ್ತರಿನಿಂದ ಹೊಲಕ್ಕೆ ಇಳಿದೇ ಇಳಿಯುತ್ತದೆ. ಯಾವ ಗೊಬ್ಬರಕ್ಕೆ ಸಹಾಯಧನ, ಯಾವ ಬೆಳೆಗೆ ಪ್ರೋತ್ಸಾಹ, ಯಾವ ಸೀಮೆಗೆ ನೆರವು ಎಂಬುದನ್ನು ನಿರ್ಧರಿಸುವವರು ಆ ಅಂಕಿಗಳನ್ನೇ ಕೈಯಲ್ಲಿ ಹಿಡಿದಿರುತ್ತಾರೆ. ಅಂದು ಅಂಕಿ ತಪ್ಪಿದ್ದರೆ ಅದರ ಭಾರವನ್ನು ಹೊರುವವನು ಅದನ್ನು ಬರೆದವನಲ್ಲ.

ಆದುದರಿಂದ ಪರಿಶೀಲಕರ ತರಬೇತಿಯು ಗಣಕಯಂತ್ರದ ಮುಂದೆ ಮುಗಿಯತಕ್ಕುದಲ್ಲ. ಪಾಠವನ್ನು ಓದಿ ಪರೀಕ್ಷೆಯಲ್ಲಿ ತೇರ್ಗಡೆಯಾದವನು ನಿಯಮವನ್ನು ಬಲ್ಲನು. ಆದರೆ ಹೆಸರು ಕಿತ್ತ ಹೊಲದಲ್ಲಿ ಹಿಂಗಾರಿಗೆ ಕಡಲೆ ಬಿತ್ತುವವನು ಎಷ್ಟು ಯೂರಿಯಾ ಹಾಕುತ್ತಾನೆ, ಏಕೆ ಕಡಿಮೆ ಹಾಕುತ್ತಾನೆ ಎಂಬುದು ನಿಯಮದ ಪುಸ್ತಕದಲ್ಲಿ ದೊರೆಯದು. ಕಾಳಿನ ಬೆಳೆಗಳು ತಮಗೆ ಬೇಕಾದ ಸಾರಜನಕದ ಬಹುಭಾಗವನ್ನು ಗಾಳಿಯಿಂದಲೇ ಪಡೆಯುವುವೆಂಬುದನ್ನು ಕಣ್ಣಾರೆ ಕಂಡವನು ಮಾತ್ರ, ಎಲ್ಲ ಎಕರೆಗಳಿಗೂ ಒಂದೇ ಪ್ರಮಾಣದ ಗೊಬ್ಬರವನ್ನು ಹಂಚಿದ ಲೆಕ್ಕವನ್ನು ನೋಡಿದೊಡನೆ ತಡೆದು ಪ್ರಶ್ನಿಸುತ್ತಾನೆ. ಅಂಥ ಅನುಭವವಿರುವ ತರುಣನು ಹೊರದೇಶದ ಒಣಬೇಸಾಯದ ಲೆಕ್ಕವನ್ನೂ ಚೆನ್ನಾಗಿ ನೋಡಬಲ್ಲನು; ಸ್ವದೇಶದ ಲೆಕ್ಕವು ಹೊರಗೆ ಹೋಗುವ ಮುನ್ನ ಅದನ್ನು ಒಳಗೇ ಪರೀಕ್ಷಿಸಲು ನೆರವಾಗಬಲ್ಲನು.

ಇದಕ್ಕೆ ಬೇಕಾದ ಸಾಮಗ್ರಿ ಕರ್ನಾಟಕದಲ್ಲಿಯೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ದೇಶದ ಕಾಡು ಮತ್ತು ಭೂಬಳಕೆಯ ಲೆಕ್ಕದಲ್ಲಿ ಪಾಲುಗೊಂಡ ಅನುಭವವುಳ್ಳವರು. ಧಾರವಾಡದಲ್ಲಿ 1947ರಷ್ಟು ಹಿಂದೆಯೇ ಕೃಷಿ ಕಾಲೇಜು ಆರಂಭವಾಗಿ, 1986ರಲ್ಲಿ ಕೃಷಿ ವಿಶ್ವವಿದ್ಯಾಲಯವೇ ಸ್ಥಾಪಿತವಾಯಿತು. ಇಂಥ ಸಂಸ್ಥೆಗಳಲ್ಲಿ ಲೆಕ್ಕಪರಿಶೀಲನೆಯ ಪಾಠವನ್ನು ಕೃಷಿವಿದ್ಯೆಯ ಭಾಗವಾಗಿ ಕಲಿಸಬೇಕು. ಕಲಿಯುವವರನ್ನು ಒಂದು ಹಂಗಾಮಿನ ಕಾಲವಾದರೂ ನವಲಗುಂದ, ಕುಂದಗೋಳ, ಅಣ್ಣಿಗೇರಿಗಳ ಹೊಲಗಳಿಗೆ ಕಳುಹಿಸಬೇಕು. ಅವರು ರೈತರೊಡನೆ ರೈತರ ಮಾತಿನಲ್ಲಿಯೇ ಮಾತಾಡಿ, ಅಂಕಿಯು ಹುಟ್ಟುವ ಜಾಗವನ್ನು ನೋಡಬೇಕು. ಹಾಗೆ ನೋಡಿದವರು ಅಂಕಿಯನ್ನು ಅಗೌರವದಿಂದ ಕಾಣಲಾರರು. ಕುರುಡಾಗಿ ನಂಬಲೂ ಲಾರರು.

ಇಂಥ ಪರಿಶೀಲಕನಿಗೆ ವಿದ್ಯೆಯೊಡನೆ ಎರಡು ಗುಣಗಳು ಇರಬೇಕು. ದೊಡ್ಡವರ ಲೆಕ್ಕದಲ್ಲಿಯೂ ತಪ್ಪಿದ್ದರೆ ತಪ್ಪೆನ್ನುವ ಧೈರ್ಯ ಒಂದು. ಬಡ ದೇಶದ ಅರೆಕೊರೆಯ ಲೆಕ್ಕವನ್ನು ಹೀಯಾಳಿಸದೆ ತಿದ್ದಿಕೊಡುವ ಸೌಜನ್ಯ ಇನ್ನೊಂದು. ಈ ಗುಣಗಳನ್ನು ಯಾವ ಸಚಿವಾಲಯವೂ ಕೊಡಲಾರದು. ಅವು ಶಾಲೆಯಲ್ಲಿಯೇ ಮೊಳೆಯಬೇಕು. ಗೆಳೆಯನ ಗಣಿತದ ಉತ್ತರವನ್ನು ದಾಕ್ಷಿಣ್ಯವಿಲ್ಲದೆ ನೋಡಿ, ತಪ್ಪಿದ ಮೆಟ್ಟಿಲನ್ನು ತೋರಿಸಿ, ತನ್ನ ಉತ್ತರವನ್ನು ಅವನ ಕೈಗೆ ನಗುಮುಖದಿಂದ ಕೊಡುವ ವಿದ್ಯಾರ್ಥಿಯು ಆಗಲೇ ಆ ದಾರಿಯಲ್ಲಿ ಮೊದಲ ಹೆಜ್ಜೆಯನ್ನು ಇಟ್ಟಿರುತ್ತಾನೆ.