ಲೆಕ್ಕ ಬರೆದಿಡದ ಕೂಲಿಗೆ ಏರಿಕೆ ಎಲ್ಲಿಂದ?

2025ರ ಏಪ್ರಿಲ್‌ನಲ್ಲಿ ರಾಜ್ಯ ಸರಕಾರ ಕನಿಷ್ಠ ವೇತನದ ಕರಡು ಹೊರಡಿಸಿದಂದಿನಿಂದ ಎರಡು ಮಾತು ಕೇಳುತ್ತಲೇ ಇದ್ದೇವೆ. ತಿಂಗಳಿಗೆ ಸುಮಾರು 19 ಸಾವಿರದಿಂದ 34 ಸಾವಿರ ಎಂದಿರುವುದು ಈ ಬೆಲೆಯೇರಿಕೆಯಲ್ಲಿ ಸಾಲದು ಎನ್ನುತ್ತವೆ ಕಾರ್ಮಿಕ ಸಂಘಗಳು. ಇಷ್ಟು ಕೊಟ್ಟರೆ ಸಣ್ಣ ಕೈಗಾರಿಕೆಗಳು ಬಾಗಿಲು ಮುಚ್ಚಬೇಕು ಎನ್ನುತ್ತಾರೆ ಮಾಲಕರು. ಇಬ್ಬರ ಮಾತಲ್ಲೂ ಹುರುಳಿದೆ. ಆದರೆ ಕರಾವಳಿಯಿಂದ ಬಂದು ರಾಮನಗರದ ಕಡೆ ಮದ್ರಸದಲ್ಲಿ ಪಾಠ ಮಾಡುವ ನಮಗೆ ಕಾಣುವುದು ಈ ಇಬ್ಬರೂ ಹೇಳದ ಮೂರನೇ ಸಂಗತಿ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಅಂದರೆ ರೇಷ್ಮೆ ಸೀಮೆ. ಬಿಸಿನೀರಿಗೆ ಕೈ ಹಾಕಿ ಗೂಡಿನಿಂದ ನೂಲು ತೆಗೆಯುವವರಲ್ಲಿ, ಚನ್ನಪಟ್ಟಣದಲ್ಲಿ ಆಲೆ ಮರಕ್ಕೆ ಅರಗಿನ ಬಣ್ಣ ಕೊಟ್ಟು ಬೊಂಬೆ ಮಾಡುವವರಲ್ಲಿ ನಮ್ಮ ಸಮುದಾಯದವರು ಬಹಳ. ಮಾಲಕರಲ್ಲೂ ನಮ್ಮವರಿದ್ದಾರೆ. ಜುಮಾಕ್ಕೆ ಇಬ್ಬರೂ ಒಂದೇ ಸಫ್‌ನಲ್ಲಿ ನಿಲ್ಲುತ್ತಾರೆ.

ಸಣ್ಣ ರೀಲರ್‌ನ ಕಷ್ಟ ಸುಳ್ಳಲ್ಲ. ಗೂಡಿನ ಬೆಲೆ ಹರಾಜಿನಲ್ಲಿ ತೀರ್ಮಾನವಾಗುತ್ತದೆ, ನೂಲಿನ ಬೆಲೆಯೂ ಅವನ ಕೈಯಲ್ಲಿಲ್ಲ. ಎರಡರ ನಡುವೆ ಅವನು ಇಳಿಸಬಲ್ಲದ್ದು ಒಂದೇ, ಕೂಲಿ. ಅದಕ್ಕೇ ಸಣ್ಣವರಿಗೆ ಏರಿಕೆಯನ್ನು ಹಂತ ಹಂತವಾಗಿ ತರಲಿ, ಸಾಲದ ನೆರವು ಸಿಗಲಿ ಎಂದರೆ ನಾವು ಒಪ್ಪುತ್ತೇವೆ. ಏರಿಕೆಯೇ ಬೇಡ ಎಂದರೆ ಒಪ್ಪಲಾಗದು. 19 ಸಾವಿರವನ್ನು 26 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 730 ರೂಪಾಯಿ. ಬಾಡಿಗೆ, ಗ್ಯಾಸು, ಮಕ್ಕಳ ಫೀಸು ಕಳೆದರೆ ಏನು ಉಳಿಯುತ್ತದೆ, ನೀವೇ ಹೇಳಿ.

ಈಗ ಮೂರನೇ ಸಂಗತಿ. ತಿಂಗಳ ಸಂಬಳವೇ ಇಲ್ಲದವರಿಗೆ ಈ ಅಂಕಿ ತಲುಪುವುದು ಹೇಗೆ? ಕೆಲಸ ಪೀಸ್ ಲೆಕ್ಕದ್ದು. ಮದುವೆಗೋ ಆಸ್ಪತ್ರೆಗೋ ಮುಂಗಡ ತೆಗೆದುಕೊಂಡಿದ್ದರೆ ವಾರವಾರ ಅದರ ಕಡಿತ. ಎಷ್ಟು ದುಡಿದೆ, ಎಷ್ಟು ಮುರಿದುಕೊಂಡರು ಎಂಬುದಕ್ಕೆ ಚೀಟಿಯಿಲ್ಲ. ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸುವುದು ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿತು. ಆದರೆ ಕಡಿಮೆ ಕೊಟ್ಟರು ಎಂದು ತೋರಿಸಲು ಕಾಗದ ಬೇಡವೇ?

ಇದರ ಬೆಲೆ ನಮ್ಮ ಬ್ಯಾರಿ ಮನೆಗಳಿಗೆ ಹೇಳಿಕೊಡಬೇಕಿಲ್ಲ. ಊರಲ್ಲಿ ಬೀಡಿ ಕಟ್ಟಿದ ಉಮ್ಮಂದಿರಲ್ಲಿ ಸ್ವಂತ ಹೆಸರಿನ ಪಾಸ್ ಬುಕ್ ಇದ್ದವರಿಗೆ ಪಿಎಫ್ ಬಂತು. ಬೇರೆಯವರ ಹೆಸರಲ್ಲಿ ಕಟ್ಟಿಕೊಟ್ಟವರಿಗೆ ಬೆನ್ನುನೋವು ಮಾತ್ರ ಉಳಿಯಿತು. ಬೀಡಿ ಅದೇ, ಬೆರಳು ಅದೇ. ವ್ಯತ್ಯಾಸ ಒಂದು ಪುಸ್ತಕದ್ದು.

2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆ ಪೀಸ್ ಲೆಕ್ಕದ ಕೆಲಸಕ್ಕೂ ಕನಿಷ್ಠ ದರ ಇರಬೇಕು, ಕಾರ್ಮಿಕರಿಗೆ ವೇತನ ಚೀಟಿ ಕೊಡಬೇಕು ಎನ್ನುತ್ತದೆ. ದೀನ್‌ನಲ್ಲಿ ಇದು ಹೊಸತಲ್ಲ. ಕೂಲಿಯನ್ನು ತಡಮಾಡದೆ ಕೊಡಿ ಎಂಬ ಪ್ರವಾದಿ(ಸ)ಯವರ ತಾಕೀತು ಮದ್ರಸದ ಮಕ್ಕಳಿಗೂ ಗೊತ್ತು. ಕೆಲಸಕ್ಕೆ ಮೊದಲೇ ಕೂಲಿ ಎಷ್ಟೆಂದು ಇಬ್ಬರಿಗೂ ಸ್ಪಷ್ಟವಾಗಿರಬೇಕು ಎಂದು ಫಿಕ್ಹ್ ಕೂಡ ಹೇಳುತ್ತದೆ. ಮೊದಲನೆಯದನ್ನು ಮಿಂಬರಿನಲ್ಲಿ ಹೇಳುತ್ತೇವೆ, ಎರಡನೆಯದನ್ನು ಅಷ್ಟಾಗಿ ಹೇಳುವುದಿಲ್ಲ.

ಆದ್ದರಿಂದ ಜಮಾಅತ್‌ಗಳಲ್ಲಿ ನಮ್ಮ ವಿನಂತಿ ಇಷ್ಟೆ. ಮಾಲಕರನ್ನೂ ಕೆಲಸದವರನ್ನೂ ಒಟ್ಟಿಗೆ ಕೂರಿಸಿ. ಪ್ರತಿಯೊಬ್ಬರಿಗೂ ಒಂದು ಪುಸ್ತಕ ಮಾಡಿಸಿ, ಪೀಸ್ ದರ, ಮುಂಗಡ, ಕಡಿತ ಎಲ್ಲವೂ ಅದರಲ್ಲಿರಲಿ. ಇದಕ್ಕೆ ಯಾವ ಕಾರ್ಖಾನೆಯೂ ಮುಚ್ಚಬೇಕಾಗಿಲ್ಲ. ಮಸೀದಿ ಗುಡಿಸುವವರ, ಮನೆಗೆಲಸಕ್ಕೆ ಬರುವವರ ಲೆಕ್ಕವನ್ನೂ ಇದೇ ತಿಂಗಳಿಂದ ಬರೆಯೋಣ. ಸರಕಾರ ಅಂಕಿ ಎಷ್ಟೇ ಏರಿಸಲಿ, ಹೆಸರಿಲ್ಲದವರ ಕೈಗೆ ಅದು ಸಿಗುವುದಿಲ್ಲ.