ಮುಂಗಡ ಕೊಟ್ಟವನ ಬಂಡವಾಳ ಯಾವುದು?

ನಮ್ಮ ಸಿರಾ ಸೀಮೆಯಲ್ಲಿ ಹೆದ್ದಾರಿಗೆ ಹತ್ತಿರ ಇರೋ ಹಳ್ಳಿಗಳಲ್ಲಿ ಹುಡುಗರನ್ನು ಏನು ಕೆಲಸ ಅಂತ ಕೇಳಿದರೆ ‘ರಿಯಲ್ ಎಸ್ಟೇಟ್’ ಅಂತಾರೆ. ಬಂಡವಾಳ ಎಲ್ಲಿಂದ ಬಂತು ಅಂತ ಕೇಳಬೇಡಿ. ಈ ವ್ಯಾಪಾರಕ್ಕೆ ಮೊದಲ ಬಂಡವಾಳ ಪರಿಚಯ. ಯಾರ ಮನೆಯಲ್ಲಿ ಮದುವೆ ಗೊತ್ತಾಗಿದೆ, ಯಾರ ಬೋರು ಬತ್ತಿದೆ, ಯಾವ ಅಣ್ಣತಮ್ಮಂದಿರು ಪಾಲಿಗೆ ಕಿತ್ತಾಡ್ತಿದಾರೆ, ಇಷ್ಟು ಗೊತ್ತಿದ್ದವನಿಗೆ ಅರ್ಧ ವ್ಯಾಪಾರ ಆದಂಗೆ.

ದಲ್ಲಾಳಿ ಕೆಲಸ ಕೀಳು ಅಂತ ನಾನು ಹೇಳೋದಿಲ್ಲ. ದನದ ಜಾತ್ರೆಯಲ್ಲೂ ದಲ್ಲಾಳಿ ಇದಾನೆ, ಟವೆಲ್ಲಿನ ಅಡಿ ಬೆರಳು ಹಿಡಿದು ರೇಟು ಕುದುರಿಸ್ತಾನೆ. ಆದರೆ ಅವನು ಸಂಜೆಯೊಳಗೆ ದುಡ್ಡು ಎಣಿಸಿ ಕೊಡಿಸಿಬಿಡ್ತಾನೆ. ಹೊಲದ ವ್ಯಾಪಾರ ಹಂಗಲ್ಲ.

ಲೆಕ್ಕಕ್ಕೆ ಒಂದು ಉದಾಹರಣೆ ತಗೊಳ್ಳಿ. ಎರಡೆಕರೆ ಹೊಲ, ಎಕರೆಗೆ 20 ಲಕ್ಷದಂತೆ 40 ಲಕ್ಷಕ್ಕೆ ಮಾತಾಯಿತು. ಹುಡುಗ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ 2 ಲಕ್ಷ ತಂದು ಮುಂಗಡ ಕೊಟ್ಟು, 11 ತಿಂಗಳಿಗೆ ಕರಾರು ಬರೆಸಿಕೊಳ್ತಾನೆ. ಅಷ್ಟರಲ್ಲಿ ಬೆಂಗಳೂರಿನವರು ಯಾರಾದರೂ ಎಕರೆಗೆ 25 ಲಕ್ಷ ಕೊಟ್ಟರೆ ಅವನಿಗೆ 10 ಲಕ್ಷ. ಬಡ್ಡಿ 66 ಸಾವಿರ ಕಳೆದರೂ ಒಂಬತ್ತು ಲಕ್ಷದ ಮೇಲೆ ಉಳೀತದೆ. ಗಿರಾಕಿ ಸಿಗಲಿಲ್ಲ ಅನ್ನಿ, ಬಡ್ಡಿ ತಿಂಗಳಿಗೆ ಆರು ಸಾವಿರ ಓಡ್ತಾ ಇರ್ತದೆ. ಆಗ ಬರ್ತದೆ ಮಾತು, ‘ಇನ್ನೊಂದು ಮೂರು ತಿಂಗಳು ಕೊಡಿ.’ ರೈತ ಆ 2 ಲಕ್ಷವನ್ನು ಮದುವೆಗೋ ಆಸ್ಪತ್ರೆಗೋ ಆಗಲೇ ಹಾಕಿರ್ತಾನೆ, ವಾಪಸ್ ಕೊಡೋಕೆ ಕೈಲಿಲ್ಲ. ಬೇರೆಯವರಿಗೆ ಮಾರಂಗೂ ಇಲ್ಲ.

ಕರಾರು ಅಂದರೆ ಕ್ರಯ ಅಲ್ಲ, ಹೆದರೋದೇನು ಅಂತ ಸುಮಾರು ಜನ ಹೇಳ್ತಾರೆ. ಮಾಲೀಕತ್ವ ಹೋಗೋದಿಲ್ಲ, ನಿಜ. ಆದರೆ ಹೊಲಕ್ಕೆ ಮೊಳೆ ಹೊಡೆದಂಗೆ. ಕರಾರಿನಲ್ಲಿ ಬರೆದ ತಾರೀಖು ದಾಟಿದ ಮೇಲೂ ಮೂರು ವರ್ಷ ದಾವೆ ಹೂಡೋಕೆ ಅವನಿಗೆ ಕಾಲ ಇದೆ. ತಾರೀಖೇ ಬರೆಯದಿದ್ದರೆ ಇನ್ನೂ ಕಷ್ಟ. ನಾವು ಆಗೋದಿಲ್ಲ ಅಂದದ್ದು ಅವನಿಗೆ ತಿಳಿದ ದಿನದಿಂದ ಆ ಮೂರು ವರ್ಷ ಶುರು. 2018ರಲ್ಲಿ ಕಾಯ್ದೆ ತಿದ್ದಿದ ಮೇಲೆ ಕೋರ್ಟು ಕರಾರಿನಂತೆ ಕ್ರಯ ಮಾಡಿಕೊಡು ಅನ್ನೋದು ಮೊದಲಿಗಿಂತ ಸಲೀಸಾಗಿದೆ.

ಜೊತೆಗೆ ಜಿಪಿಎ ಕಾಗದಕ್ಕೂ ಸಹಿ ಕೇಳ್ತಾರೆ. ಜಿಪಿಎ ಒಂದರಿಂದಲೇ ಜಮೀನು ಕೈ ಬದಲಾಗೋದಿಲ್ಲ ಅಂತ ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ. ಆದರೆ ಮಾರೋ ಅಧಿಕಾರ ಬರೆದ ಜಿಪಿಎ ರಿಜಿಸ್ಟರ್ ಆಗಿ ಕೈಯಲ್ಲಿದ್ದರೆ ಅವನೇ ನಮ್ಮ ಪರವಾಗಿ ಕ್ರಯಪತ್ರಕ್ಕೆ ಸಹಿ ಹಾಕಬಹುದಲ್ಲ!

2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಂ ತೆಗೆದರು. ಅಲ್ಲಿವರೆಗೆ ರೈತನಲ್ಲದವನು ಹೊಲ ಕೊಳ್ಳೋಕೆ ಅಡ್ಡಿ ಇತ್ತು. ಈಗ ದುಡ್ಡಿದ್ದವರು ಯಾರು ಬೇಕಾದರೂ ಕೊಳ್ಳಬಹುದು. ಹುಡುಗರ ಓಡಾಟ ಹೆಚ್ಚಿದ್ದಕ್ಕೆ ಇದೂ ಒಂದು ಕಾರಣ ಅನ್ನೋದು ನನ್ನ ಎಣಿಕೆ. ಆದರೆ ಎಲ್ಲ ಹೊಲ ಒಂದೇ ಅಲ್ಲ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು 1978ರ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಮಾರಂಗಿಲ್ಲ. 2023ರ ತಿದ್ದುಪಡಿ ಆದ ಮೇಲೆ ಅಂಥ ಜಮೀನು ವಾಪಸ್ ಕೇಳೋಕೆ ಕಾಲದ ಮಿತಿಯೂ ಇಲ್ಲ. ಹಳೇ ಪಹಣಿ, ಮಂಜೂರಾತಿ ಕಾಗದ ನೋಡದೆ ಸಾಲದ ದುಡ್ಡನ್ನು ಮುಂಗಡವಾಗಿ ಕೊಟ್ಟವನು ಬಡ್ಡಿ ಕಟ್ಟುತ್ತಾ ಕೂರಬೇಕು. ಅವರೂ ನಮ್ಮ ಮಕ್ಕಳೇ, ಅವರು ಮುಳುಗಲಿ ಅಂತ ನನಗೇನಿಲ್ಲ.

ಹೋದ ವರ್ಷ ಶೇಂಗಾ ಕಿತ್ತ ಮೇಲೆ ನನ್ನ ಅಕ್ಕನ ಮಗನೇ ಬಂದ. ‘ಮಾವ, ರಸ್ತೆ ಪಕ್ಕದ ಎರಡೆಕರೆ ನನ್ನ ಹೆಸರಿಗೆ ಅಗ್ರಿಮೆಂಟ್ ಮಾಡಿಕೊಡಿ, ಒಳ್ಳೆ ಪಾರ್ಟಿ ಇದೆ’ ಅಂದ. ದುಡ್ಡು ಯಾರದಪ್ಪಾ ಅಂದೆ. ಚೀಟಿ ಕೂಗಿದ್ದು ಸ್ವಲ್ಪ, ಕೈಸಾಲ ಸ್ವಲ್ಪ ಅಂತೆ. ನಾನಂದೆ: ಪಾರ್ಟಿಯನ್ನ ಕರ್ಕೊಂಡು ಬಾ, ನಾನೇ ಎದುರು ಕೂತು ಮಾತಾಡ್ತೀನಿ. ನಿನ್ನ ಕಮಿಷನ್ ಎಷ್ಟು ಅಂತ ಮೊದಲೇ ಹೇಳು, ಕೊಡ್ತೀನಿ. ಕರಾರು ಮೂರು ತಿಂಗಳಿಗೆ, ದುಡ್ಡು ಬ್ಯಾಂಕಿಗೆ, ಜಿಪಿಎ ಇಲ್ಲ. ಆಮೇಲೆ ಇದು ಅಪ್ಪನ ಕಾಲದ ಹೊಲ, ನಿಮ್ಮವ್ವನ ಸಹಿಯೂ ಬೇಕು, ಮೊದಲು ಅವಳನ್ನ ಕೇಳಿದೀಯಾ?

ಅವನು ಮುಖ ಊದಿಸಿಕೊಂಡು ಹೋದ. ಯುಗಾದಿಗೂ ಬರಲಿಲ್ಲ. ಅಕ್ಕ ಮಾತ್ರ ಬಂದಿದ್ದಳು. ‘ಅವನು ನನ್ನ ಕೇಳೇ ಇರಲಿಲ್ಲ ಕಣೋ’ ಅಂದಳು.

ಹುಡುಗರಿಗೆ ನಾನು ಹೇಳೋದು, ಊರಿನ ಪರಿಚಯ ಇದೆಯಲ್ಲ, ಅದನ್ನ ನೇರವಾಗಿ ಕಮಿಷನ್‌ಗೆ ದುಡಿಸಿ. ಬಡ್ಡಿ ದುಡ್ಡಲ್ಲಿ ಕರಾರು ಕಟ್ಟಬೇಡಿ. ಲೇಔಟಿನ ಸೈಟು ಮಾರೋದಾದರೆ ಜಮೀನು ಪರಿವರ್ತನೆ ಆಗಿದೆಯಾ ನೋಡಿ. 500 ಚದರ ಮೀಟರಿಗಿಂತ ದೊಡ್ಡದಾದರೆ ರೇರಾದಲ್ಲಿ ನೋಂದಣಿ ಬೇಕು, ಅದನ್ನು ಮಾರಿಸಿಕೊಡೋ ಏಜೆಂಟನೂ ನೋಂದಾಯಿಸಿಕೊಂಡಿರಬೇಕು. ರೈತರು ಮುಂಗಡ ಮುಟ್ಟೋ ಮೊದಲು ಕರಾರಿನ ಕರಡನ್ನ ಮನೆಗೆ ತಂದು, ಓದು ಬಂದ ಮಗಳೋ ಸೊಸೆಯೋ ಇದ್ದರೆ ಗಟ್ಟಿಯಾಗಿ ಓದಿಸಿ ಕೇಳಿ. ಕೊನೇ ತಾರೀಖು, ತಪ್ಪಿದರೆ ಮುಂಗಡ ಏನಾಗಬೇಕು, ಇವೆರಡು ಅದರಲ್ಲಿ ಇಲ್ಲದಿದ್ದರೆ ಕಾಗದ ವಾಪಸ್ ಕಳಿಸಿ.