ಉದ್ಯಾನದಲ್ಲಿ ಪಕ್ಷದ ಗುರುತು ಬೇಡ

ನನ್ನ ಹಳೆಯ ವಿದ್ಯಾರ್ಥಿಗಳೇ, ಬಂಧುಗಳೇ,

ಉತ್ತರ ಪ್ರದೇಶದ ವಿಧಾನಸಭಾ ಚುನಾವಣೆಗೆ ಮುನ್ನ, 2012ರ ಜನವರಿಯಲ್ಲಿ, ಲಖನೌ ಮತ್ತು ನೋಯ್ಡಾದ ಉದ್ಯಾನಗಳಲ್ಲಿದ್ದ ಆನೆಗಳ ಹಾಗೂ ಮುಖ್ಯಮಂತ್ರಿ ಮಾಯಾವತಿಯವರ ಪ್ರತಿಮೆಗಳಿಗೆ ಮುಸುಕು ಹಾಕುವಂತೆ ಚುನಾವಣಾ ಆಯೋಗವು ಆದೇಶಿಸಿತು. ಆನೆ ಅವರ ಬಹುಜನ ಸಮಾಜ ಪಕ್ಷದ ಚಿಹ್ನೆ. ಮತದಾನದ ವೇಳೆ ಮುಚ್ಚಿಡಬೇಕಾದುದು ಉಳಿದ ದಿನಗಳಲ್ಲಿ ಮಾತ್ರ ನಿರುಪದ್ರವಿಯೇ?

ಸೊಂಡಿಲೆತ್ತಿದ ಆನೆ ಸ್ವಾಗತದ ಸಂಕೇತವಷ್ಟೇ ಎಂಬ ಸಮರ್ಥನೆ ಬಂದಿತು. ಬೇಲೂರು, ಹಳೇಬೀಡುಗಳ ಆನೆಸಾಲುಗಳನ್ನು ಕಂಡ ನಮಗೆ ಆನೆಯ ಮೇಲೆ ಮುನಿಸಿಲ್ಲ. ಹಾಗಾದರೆ ಕೊಳದ ತಾವರೆಗಳನ್ನೂ ಮುಚ್ಚುವಿರಾ ಎಂದು ಕೇಳಿದವರುಂಟು. ತಾವರೆ ತಾನಾಗಿ ಅರಳುವುದು. ಆಳುವ ಪಕ್ಷವು ತನ್ನ ಗುರುತನ್ನು ಬೊಕ್ಕಸದ ಹಣದಿಂದ ಕಲ್ಲಿನಲ್ಲಿ ಕೆತ್ತಿಸುವುದು ಬೇರೆಯೇ ಮಾತು. ಅಲ್ಲಿರುವ ಅಂಬೇಡ್ಕರರ ಪ್ರತಿಮೆಗೆ ನನ್ನ ಆಕ್ಷೇಪವಿಲ್ಲ. ಅವರು ಇಡೀ ದೇಶಕ್ಕೆ ಸೇರಿದವರು. ಅವರ ನೆರಳಿನಲ್ಲಿ ಪಕ್ಷದ ಗುರುತನ್ನು ನಿಲ್ಲಿಸಿದ್ದೇ ತಪ್ಪು. ಆನೆಯಾಗಲಿ, ಕಮಲವಾಗಲಿ, ಹಸ್ತವಾಗಲಿ, ಸೈಕಲ್ಲಾಗಲಿ, ನಿಯಮ ಒಂದೇ ಇರಬೇಕು.

ಸಾರ್ವಜನಿಕ ಹಣವನ್ನಾಗಲಿ ಸ್ಥಳವನ್ನಾಗಲಿ ಪಕ್ಷದ ಚಿಹ್ನೆಯ ಪ್ರಚಾರಕ್ಕೆ ಬಳಸಕೂಡದೆಂದು ಆಯೋಗವು ಸೂಚಿಸಿದ್ದು 2016ರ ಅಕ್ಟೋಬರಿನಲ್ಲಿ. ಪ್ರತಿಮೆಗಳ ವಿರುದ್ಧ 2009ರಲ್ಲಿ ಸಲ್ಲಿಕೆಯಾದ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯವು ಮುಕ್ತಾಯಗೊಳಿಸಿದ್ದು 2025ರ ಜನವರಿಯಲ್ಲಿ. ಕಲ್ಲು ನಿಂತ ಮೇಲೆ ನಿಯಮ ಬಂದರೆ ಫಲವೇನು? ನಕ್ಷೆ ಒಪ್ಪಿಗೆಗೆ ಬಂದಾಗಲೇ ತಡೆಯಬೇಕು.

ನಿಮ್ಮಲ್ಲಿ ಕೆಲವರು ಇಂದು ನಗರಸಭೆಗಳಲ್ಲಿ, ಸರ್ಕಾರಿ ಕಛೇರಿಗಳಲ್ಲಿ ಇದ್ದೀರಿ. ಅಂತಹ ನಕ್ಷೆ ನಿಮ್ಮ ಮೇಜಿಗೆ ಬಂದರೆ, ಅದು ನೀವು ಮೆಚ್ಚಿದ ಪಕ್ಷದ್ದೇ ಆಗಿರಲಿ, ಆಕ್ಷೇಪಣೆ ಬರೆದು ಹಿಂದಿರುಗಿಸಿ. ಉದ್ಯಾನವು ಎಲ್ಲ ಮತದಾರರದು, ಮತವಿನ್ನೂ ಇಲ್ಲದ ಮಕ್ಕಳದು ಕೂಡ.